ಹಡಗು ಮುಳುಗಿದ ವ್ಯಾಪಾರಿ ನಮ್ಮ ಜಗಲಿಗೆ ಬಂದದ್ದು

ಹ್ಯೂಸ್ಟನ್ ಹತ್ತಿರದ ಸೈಪ್ರೆಸ್‌ನಿಂದ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ಗೆ ನಾವು ಶಿಫ್ಟ್ ಆದ ದಿನ, ಸಾಮಾನು ತುಂಬಿದ್ದ ಟ್ರಕ್ಕಿಗೆ ದಾರಿಯಲ್ಲಿ ಬೆಂಕಿ ಬಿತ್ತು. ಡ್ರೈವರ್ ಇಳಿದು ದೂರ ಓಡಿದ್ದರಿಂದ ಅವನಿಗೆ ಏನೂ ಆಗಲಿಲ್ಲ. ನನ್ನ ಮದುವೆ ಸೀರೆಗಳು, ಗ್ರೈಂಡರು, ಮಂಚ, ಮಗಳ ಪುಸ್ತಕಗಳು ಮಾತ್ರ ಒಂದೂ ಉಳಿಯಲಿಲ್ಲ. ಫೋನ್ ಬಂದಾಗ ನಾವು ಮೂವರೂ ಹೊಸ ಮನೆಯ ಖಾಲಿ ಹಾಲಿನಲ್ಲಿ ನಿಂತು, ಸೋಫಾ ಯಾವ ಗೋಡೆಗೆ ಹಾಕೋದು ಅಂತ ವಾದ ಮಾಡುತ್ತಿದ್ದೆವು.

ಗಂಡ ಫೋನ್ ಹಿಡಿದು ಹೊರಗೆ ಹೋದರು. ನಾನು ನೆಲದ ಮೇಲೆ ಕೂತು ಅತ್ತೆ. ಹೈಸ್ಕೂಲಿನ ಮಗಳು ಪಕ್ಕದಲ್ಲಿ ಬಂದು ಕೂತಳು. ಸಮಾಧಾನ ಮಾಡೋಕೆ ಅವಳಿಗೆ ಬರಲ್ಲ. ಸ್ಕೂಲಿನಲ್ಲಿ ಸ್ಟೋಯಿಕ್ ಅನ್ನೋ ಹಳೇ ಗ್ರೀಕ್ ತತ್ತ್ವಶಾಸ್ತ್ರದ ಬಗ್ಗೆ ಮಾತಾಡಬೇಕಿತ್ತಂತೆ, ಅದು ಹುಟ್ಟಿದ ಕಥೆಯನ್ನೇ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಒಬ್ಬ ವ್ಯಾಪಾರಿ ಹಡಗಿನ ತುಂಬ ಬೆಲೆಬಾಳುವ ನೇರಳೆ ಬಣ್ಣ ಹೇರಿಕೊಂಡು ಹೊರಟಿದ್ದ. ಹಡಗು ಒಡೆದು ಸರಕೆಲ್ಲ ಸಮುದ್ರ ಸೇರಿತು. ಬರಿಗೈಯಲ್ಲಿ ಅಥೆನ್ಸ್‌ಗೆ ಬಂದವನು ಒಂದು ಪುಸ್ತಕದಂಗಡಿಯಲ್ಲಿ ಕೂತ. ಅಂಗಡಿಯವನು ಒಬ್ಬ ಜ್ಞಾನಿಯ ವಿಷಯ ಗಟ್ಟಿಯಾಗಿ ಓದುತ್ತಿದ್ದ. ಇಂಥವರು ಎಲ್ಲಿ ಸಿಗುತ್ತಾರೆ ಅಂತ ಇವನು ಕೇಳಿದ. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರನ್ನು ತೋರಿಸಿ, ಅವರ ಹಿಂದೆ ಹೋಗು ಅಂದನಂತೆ ಅಂಗಡಿಯವನು.

ಮೂಗು ಒರೆಸಿಕೊಳ್ಳುತ್ತಾ, ಆ ವ್ಯಾಪಾರಿ ಯಾವ ಊರಿನವನು ಅಂತ ಕೇಳಿದೆ.

ಮಗಳು ತಡವರಿಸಿದಳು. "ಸೈಪ್ರಸ್."

"ನಾವೂ ಅಲ್ಲಿಂದಲೇ ಬಂದದ್ದಲ್ವೇನೇ" ಅಂದೆ. ಅವನದು ದ್ವೀಪ, ನಮ್ಮದು ಹ್ಯೂಸ್ಟನ್ ಪಕ್ಕದ ಹೌಸಿಂಗ್ ಕಾಲೊನಿ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಒಳಗೆ ಬಂದ ಗಂಡ ನಮಗೆ ತಲೆ ಕೆಟ್ಟಿತು ಅಂದುಕೊಂಡರಂತೆ.

ಸಂಜೆ ಹಿಂದಿನ ಬೀದಿಯ ಆಂಟಿ ಬಂದರು. ಧಾರವಾಡದವರು, ರಿಟೈರ್ ಆದ ಡಾಕ್ಟರು. ಮನೆ ನೋಡಲು ಬಂದಾಗಲೇ ಪರಿಚಯವಾಗಿದ್ದರು. ಗಂಡ ಸುದ್ದಿ ತಿಳಿಸಿದ್ದರು. ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ತಂದಿದ್ದರು. ಒಳಗೆ ಕೂರಿಸಲು ಕುರ್ಚಿಯಿಲ್ಲ ಅಂತ ನಾನು ಮುದುಡಿಕೊಂಡರೆ, ಅವರು ಬಾಗಿಲಾಚೆಯ ಜಗಲಿಯ ಮೇಲೆ ಕಾಲು ಚಾಚಿ ಕೂತೇ ಬಿಟ್ಟರು. ನಾವೂ ಕೂತು ಉಂಡೆವು. ನಾವು ನಕ್ಕ ಕಥೆ ಅವರಿಗೂ ಬೇಕಾಯಿತು. ಮಗಳು ಇಂಗ್ಲಿಷಿನಲ್ಲಿ ಬಾಯಿ ತೆರೆದಳು.

"ಕನ್ನಡದಾಗ ಹೇಳವಾ, ನನಗ ಅವಸರ ಇಲ್ಲ" ಅಂದರು ಆಂಟಿ.

ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಕೈಯಲ್ಲಿದ್ದ ರೊಟ್ಟಿ ಮುರಿದಳು. ಆಮೇಲೆ, ಒಂದು ಹಡಗು ಇತ್ತು, ಅದು ಬಿದ್ದುಹೋಯಿತು, ಅಂತ ಶುರು ಮಾಡಿದಳು. ಮುಳುಗಿತು ಅನ್ನೋದು ಆಂಟಿ ಕೊಟ್ಟ ಪದ. ಆ ವ್ಯಾಪಾರಿ ಮುಂದೆ ತಾನೇ ಗುರುವಾಗಿ, ಚಿತ್ರ ಬರೆದಿದ್ದ ಒಂದು ಕಂಬಸಾಲಿನ ಪೋರ್ಚಿನಲ್ಲಿ ಪಾಠ ಹೇಳಿದ್ದು, ಅದರ ಗ್ರೀಕ್ ಹೆಸರು ಸ್ಟೋವಾದಿಂದಲೇ ಆ ಪಂಥಕ್ಕೆ ಹೆಸರು ಬಂದದ್ದು ಹೇಳುವಾಗ ಪೋರ್ಚಿಗೆ ಕನ್ನಡ ಸಿಗಲಿಲ್ಲ. ನಾನು ಜಗಲಿ ಅಂದೆ. ಆಂಟಿ ಕಟ್ಟಿ ಅಂದರು. ನಮ್ಮಿಬ್ಬರ ಜಗಳ ಮುಗಿಯುವಷ್ಟರಲ್ಲಿ ಅವಳು ಎರಡನ್ನೂ ಸೇರಿಸಿ ಕಥೆ ಮುಗಿಸಿದ್ದಳು. ಗಂಡ ಊಟ ಬಿಟ್ಟು ಮಗಳ ಮುಖವನ್ನೇ ನೋಡುತ್ತಿದ್ದರು.

ವಾರಗಳು ಕಳೆಯುತ್ತಾ ಮಂಚ ಬಂತು, ಪಾತ್ರೆ ಬಂತು. ಆದರೂ ಭಾನುವಾರದ ಸಂಜೆ ಆಂಟಿ ಬಂದರೆ ನಾವು ಹೊರಗೇ ಕೂರುತ್ತಿದ್ದೆವು. ಹೊಸ ಕಥೆ ಹುಡುಕಿಕೊಂಡು ಮಗಳು ಕಾಯುತ್ತಿದ್ದಳು. ಒಮ್ಮೆ ಹೇಳಿದಳು: ಆ ವ್ಯಾಪಾರಿಗೆ ಜನರ ಮುಂದೆ ಬಹಳ ನಾಚಿಕೆಯಂತೆ. ಅದನ್ನು ಬಿಡಿಸಲು, ಅಂದು ಬೀದಿಯಲ್ಲಿ ಅವನು ಹಿಂಬಾಲಿಸಿದ್ದ ಗುರು ಅವನ ಕೈಗೆ ಬೇಳೆ ಸಾರಿನ ಮಡಕೆ ಕೊಟ್ಟು ಊರೊಳಗೆ ನಡೆಸಿದ. ಅವನು ಮಡಕೆಯನ್ನು ಬಟ್ಟೆಯಲ್ಲಿ ಮರೆಮಾಡಿದಾಗ ಗುರು ಕೋಲಿನಿಂದ ಒಡೆದೇಬಿಟ್ಟ. ಕಾಲ ಮೇಲೆಲ್ಲ ಸಾರು ಸುರಿದು ಅವನು ಓಡಿದ.

"ಗುರು ಏನಂದ?" ಆಂಟಿ ಕೇಳಿದರು.

"ಯಾಕೆ ಓಡ್ತೀಯಾ, ನಿನಗೆ ಏನೂ ಆಗಿಲ್ಲ."

ತಡೆಯಿಲ್ಲದೆ, ಒಂದೇ ಉಸಿರಿನಲ್ಲಿ ಬಂತು ಮಗಳ ಕನ್ನಡ. ಆಂಟಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಅವರೂ ಮಗಳೂ ಸೇರಿಕೊಂಡು, ಆ ಸಾರು ತೊಗರಿಬೇಳೆಯದೋ ಹೆಸರುಬೇಳೆಯದೋ ಅಂತ ವಿಚಾರ ಮಾಡತೊಡಗಿದರು.