ಮೌಲಾ ಸಾಬರ ದೀಪದ ಪೆಟ್ಟಿಗೆ

ಮೌಲಾ ಸಾಬರು ಹುಟ್ಟಿದ್ದು ಹರಿಹರದಲ್ಲಿ, ಹೊಳೆಗೆ ಇಳಿಯುವ ಓಣಿಯ ಒಂದು ಸಣ್ಣ ಮನೆಯಲ್ಲಿ. ಅವರ ಅಪ್ಪ ಲಾಟೀನು ರಿಪೇರಿ ಮಾಡುತ್ತಿದ್ದರು. ಸೀಮೆಎಣ್ಣೆ ಸುರಿಯುವ ಲಾಳಿಕೆ, ಹಿಟ್ಟಿನ ಡಬ್ಬಿ ಮಾಡಿ ಸಂತೆಗೆ ಒಯ್ಯುತ್ತಿದ್ದರು. ಮಗನೂ ಅದೇ ಕೆಲಸ ಕಲಿತ. ಮದುವೆಯಾದ ಮೇಲೆ ಹೆಂಡತಿ ಮಾಬೂಬೀಯನ್ನು ಕರೆದುಕೊಂಡು ದಾವಣಗೆರೆಗೆ ಬಂದು ಆನೆಕೊಂಡದಲ್ಲಿ ಮನೆ ಹೂಡಿದರು. ಮಿಲ್ಲುಗಳ ಊರು, ದಿನಾ ಹೊಸ ಜನ ಬಂದಿಳಿಯುವ ಊರು. ತಗಡಿನ ಟ್ರಂಕು ಬೇಕೆನ್ನುವವರಿಗೆ ಕೊರತೆ ಇರಲಿಲ್ಲ.

ಅವರ ಕೈಕೆಲಸ ಎಂಥದೆಂದರೆ, ಅವರು ಬೆಸುಗೆ ಹಾಕಿದ ಕೊಡವನ್ನು ಬೆಳಕಿಗೆ ಹಿಡಿದು ನೋಡಿದರೂ ಕೂಡಿಸಿದ ಜಾಗ ಕಾಣುತ್ತಿರಲಿಲ್ಲ. ಮಾತು ಕಡಿಮೆ. ಮಾತೇನಿದ್ದರೂ ಅವರ ಗೆಳೆಯ ಮಲ್ಲೇಶಪ್ಪನದು.

ಮಲ್ಲೇಶಪ್ಪ ಲೈಸೆನ್ಸ್ ಇದ್ದ ವೈರ್‌ಮನ್. ಊರಿನ ಅಂಗಡಿಗಳಿಗೆಲ್ಲ ಕರೆಂಟು ಬರುತ್ತಿದ್ದ ಕಾಲದಲ್ಲಿ ಒಂದು ದಿನ ಮೌಲಾ ಸಾಬರ ಕಟ್ಟೆಯ ಮೇಲೆ ಬಂದು ಕೂತು, "ತಗಡಿನ ಪೆಟ್ಟಿಗಿ ಮಾಡಿ, ಮುಂದೆ ಗಾಜು ಹಾಕಿ, ಒಳಗೆ ಬಲ್ಬು ಇಟ್ರೆ ಹೆಂಗೆ? ಗಾಜಿನ ಮ್ಯಾಲೆ ಅಂಗಡಿ ಹೆಸ್ರು. ಸಂಜಿ ಆತಂದ್ರೆ ಹೆಸ್ರು ತಾನೇ ಹೊಳೀತತಿ," ಎಂದ. ಬೆಂಗಳೂರಿನಲ್ಲಿ ಅಂಥದ್ದನ್ನು ನೋಡಿ ಬಂದಿದ್ದನಂತೆ. ಮೌಲಾ ಸಾಬರು ಒಂದು ವಾರ ಬಿಟ್ಟು ಪೆಟ್ಟಿಗೆ ಮಾಡಿಟ್ಟು ಅವನನ್ನು ಕರೆದರು.

ಅಲ್ಲಿಂದ ಹತ್ತು ವರ್ಷ ಇಬ್ಬರೂ ಕೂಡಿ ಊರಿಗೆ ದೀಪದ ಬೋರ್ಡು ಕಟ್ಟಿದರು. ಇವರು ಪೆಟ್ಟಿಗೆ ಮಾಡುವುದು, ಅವನು ವೈರು ಎಳೆದು ಗೋಡೆಗೆ ಏರಿಸುವುದು. ಮಲ್ಲೇಶಪ್ಪನ ಮಗಳು ಓಬವ್ವ ಅಂಬೆಗಾಲಿಟ್ಟು ಬರುತ್ತಿದ್ದವಳು ಮೌಲಾ ಸಾಬರ ತೊಡೆಯ ಮೇಲೆಯೇ ದೊಡ್ಡವಳಾದಳು. ರಂಜಾನ್ ದಿನ ಮಲ್ಲೇಶಪ್ಪ ಬಂದು ಬಾಗಿಲಲ್ಲಿ ಕೂಗದೆ ಮಾಬೂಬೀ ಸುರ್‌ಕುಂಬಾ ಪಾಯಸದ ಪಾತ್ರೆ ಇಳಿಸುತ್ತಿರಲಿಲ್ಲ.

ಗಾಳಿಮಳೆಗೆ ನಿಲ್ಲುವ ಪೆಟ್ಟಿಗೆ ಸುಮ್ಮನೆ ಆಗುವುದಿಲ್ಲ. ಅದಕ್ಕೆ ತಲೆ ಯಾವುದು, ಅಡಿ ಯಾವುದು ಎಂಬುದಿದೆ. ಮೌಲಾ ಸಾಬರು ತಲೆಯ ಕಡೆಯ ತಗಡನ್ನು ಮಡಿಚಿ, ಒಂದು ಹನಿಯೂ ಇಳಿಯದಂತೆ ಬೆಸುಗೆ ಹಾಕುತ್ತಿದ್ದರು. ವೈರಿನ ಗಂಟನ್ನು ಅಲ್ಲೇ, ಒಣಗಿದ ಜಾಗದಲ್ಲಿ, ಮೇಲಿನ ಮೂಲೆಗೆ ಕಟ್ಟುವ ಏರ್ಪಾಡು. ಅಡಿಯಲ್ಲಿ ಆರು ತೂತು. ಒಳಗೆ ಬೆವರಿದರೂ, ಗಾಜಿನ ಸಂದಿನಿಂದ ನೀರು ನುಗ್ಗಿದರೂ ಇಳಿದುಹೋಗಲಿ ಎಂದು. ಗೊಂದಲ ಆಗಬಾರದೆಂದು ತಲೆಯ ಕಡೆ, ಬೆನ್ನಿನ ತಗಡಿನ ಮೇಲೆ, ಮೊಳೆಯಿಂದ ಚುಕ್ಕಿ ಹೊಡೆದು ಒಂದು ಬಾಣ ಮಾಡುತ್ತಿದ್ದರು. ಬಾಣ ಯಾವ ಕಡೆಗೋ ಆ ಕಡೆ ಮೇಲೆ. ಗಾಜು ಮಾತ್ರ ಬೇರೆ. ಅದನ್ನು ಪಕ್ಕದಿಂದ ಸರಿಸಿ ಹಾಕಬೇಕು, ಬೇಕಾದಾಗ ತೆಗೆದು ಒರೆಸಬಹುದು.

ಐವತ್ತೆಂಟನೆಯ ಇಸವಿಯಲ್ಲಿ ಮಂಡಿಪೇಟೆಯಲ್ಲಿ ಅಜ್ಜಪ್ಪನವರು ಹೊಸದಾಗಿ ಬಟ್ಟೆ ಅಂಗಡಿ ಕಟ್ಟಿಸಿದರು. ಬಸವ ಜಯಂತಿಗೆ ಪೂಜೆ. ಅಷ್ಟರೊಳಗೆ ಆರು ಅಡಿ ಉದ್ದದ ದೀಪದ ಬೋರ್ಡು ಬಾಗಿಲ ಮೇಲೆ ಇರಬೇಕು. ಮೌಲಾ ಸಾಬರು ಅಷ್ಟು ದೊಡ್ಡದನ್ನು ಅದುವರೆಗೆ ಮಾಡಿರಲಿಲ್ಲ.

ಅದೇ ದಿನಗಳಲ್ಲಿ ಹರಿಹರದಲ್ಲಿ ಅವರ ತಾಯಿ ಹಾಸಿಗೆ ಹಿಡಿದರು. ಮೌಲಾ ಸಾಬರು ಹಗಲು ತಗಡು ಕತ್ತರಿಸಿ ಸಂಜೆ ಬಸ್ಸು ಹತ್ತುತ್ತಿದ್ದರು, ಬೆಳಿಗ್ಗೆ ಮತ್ತೆ ಬರುತ್ತಿದ್ದರು. ಪೆಟ್ಟಿಗೆ ಮುಗಿದ ದಿನವೇ ತಾಯಿಯ ಉಸಿರು ಮೇಲುಸಿರಾಗಿದೆ ಎಂದು ಸುದ್ದಿ ಬಂತು.

"ನೀ ನಡಿ ಮೌಲಾ, ಅವ್ವನ ಹತ್ರ ಇರು," ಎಂದ ಮಲ್ಲೇಶಪ್ಪ. "ಏರ್ಸೋದೇನು ದೊಡ್ಡ ಕೆಲ್ಸ? ನಾನದೀನಲ್ಲ."

ತಾಯಿ ಮರುದಿನ ತೀರಿಕೊಂಡರು. ಮಣ್ಣಿಗೆ ಮಲ್ಲೇಶಪ್ಪನೂ ಬಂದ. ಕಬರಸ್ಥಾನದ ಗೋಡೆಯ ಹೊರಗೆ ಬಿಸಿಲಲ್ಲಿ ನಿಂತಿದ್ದು, ಎಲ್ಲ ಮುಗಿದ ಮೇಲೆ ಗೆಳೆಯನ ಭುಜ ಹಿಡಿದು ಹೊಳೆಯ ದಂಡೆಗೆ ಕರೆದೊಯ್ದು ಕೂರಿಸಿದ. "ಬೋರ್ಡಿನ ಚಿಂತಿ ಬ್ಯಾಡ," ಎಂದು ಹೇಳಿ ಹೋದ.

ಹತ್ತನೆಯ ದಿನ ಕಳೆದು ಮೌಲಾ ಸಾಬರು ಊರಿಗೆ ಬಂದಾಗ ಬೋರ್ಡು ಬೆಳಗುತ್ತಿತ್ತು. ಜನ ಸೈಕಲ್ ನಿಲ್ಲಿಸಿ ತಲೆಯೆತ್ತಿ ನೋಡುತ್ತಿದ್ದರು. ಎರಡು ಗಾರೆ ಕಂಬಗಳ ನಡುವೆ ಅಷ್ಟು ಎತ್ತರದಲ್ಲಿ ಗಾಜು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಜ್ಜಪ್ಪನವರು ಒಳಗಿಂದ ಎದ್ದು ಬಂದು, "ಬರ್ರಿ ಮೌಲಾ ಸಾಬ್ರೆ, ಕೂಡ್ರಿ," ಎಂದು ಗಾದಿಯ ಮೇಲೆ ಜಾಗ ಮಾಡಿಕೊಟ್ಟರು.

ಮೂರು ವಾರ ಕಳೆದಿರಬೇಕು, ಕೃತ್ತಿಕೆ ಮಳೆ ಒಂದು ಸಂಜೆ ಗುಡುಗಿಕೊಂಡು ಬಂತು. ಒಂದು ಗಂಟೆ ಸುರಿದು ನಿಂತಿತು. ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಬೋರ್ಡಿನ ಕೆಳಗಿನ ಮೂಲೆಯಲ್ಲಿ ಚಟಚಟ ಎಂದು ಕಿಡಿ ಹಾರಿತು, ವೈರು ಹೊತ್ತಿ ಬೆಂಕಿ ಮರದ ಚೌಕಟ್ಟಿಗುಂಟ ಇಳಿದು, ಬಾಗಿಲಿಗೆ ಇಳಿಬಿಟ್ಟಿದ್ದ ಸೀರೆಗಳಿಗೆ ತಗುಲಿತು. ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದ ಹನುಮಂತಪ್ಪ ಎಂಬ ವಯಸ್ಸಾದ ಮನುಷ್ಯ ಓಡಿಬಂದು ಉರಿಯುವ ಸೀರೆಗಳನ್ನು ಬರಿಗೈಯಲ್ಲಿ ಕಿತ್ತೆಳೆದ. ಅಂಗಡಿ ಉಳಿಯಿತು. ಅವನ ಬಲಗೈ ಸುಟ್ಟುಹೋಯಿತು.

ಮರುದಿನ ಮೌಲಾ ಸಾಬರು ಓಡಿಹೋದಾಗ ಅಜ್ಜಪ್ಪನವರು ಕೂಡ್ರಿ ಎನ್ನಲಿಲ್ಲ.

"ಏನಪ್ಪಾ ಮೌಲಾ, ತೂತೆಲ್ಲ ಮುಗಿಲಿಗೆ ಇಟ್ಟು, ನೀರು ಹೋಗಾಕೆ ದಾರಿನೇ ಬಿಟ್ಟಿಲ್ಲಂತಲ್ಲ ನೀನು! ನನ್ ಬಾಗ್ಲಿಗೆ ಬೆಂಕಿ ತಂದು ಕಟ್ಟಿ ಹೋದ್ಯಲ್ಲ."

ಪಕ್ಕದಲ್ಲೇ ನಿಂತಿದ್ದ ಮಲ್ಲೇಶಪ್ಪ ಮೌಲಾ ಸಾಬರನ್ನು ಮೆಲ್ಲಗೆ ಹೊರಗೆ ಕರೆದುಕೊಂಡು ಬಂದ.

"ಬಾಣ ತಿರುವು ಹೊಡ್ದಿದ್ದಿ ಮೌಲಾ," ಎಂದ, ತಗ್ಗಿದ ದನಿಯಲ್ಲಿ. "ನಾ ಬಾಣ ನೋಡೇ ಏರ್ಸಿದ್ದು, ಪೂಜಿ ಅವಸರದಾಗೆ ತೂತು ನೋಡ್ಲಿಲ್ಲ. ಆರು ತೂತೂ ಮ್ಯಾಲಾಗ್ಯಾವ, ಮಳಿ ನೀರೆಲ್ಲ ಒಳಗೆ ನಿಂತು ಗಂಟಿಗೆ ಬಡ್ದತಿ. ಅವ್ವ ಹಂಗೆ ಮಲಗಿದ್ಲು, ನಿನ್ ಮನ್ಸು ಎಲ್ಲಿತ್ತು ಹೇಳು? ಆಗ್ತತಿ. ಯಾರಿಗಾದ್ರೂ ಆಗ್ತತಿ. ನಾ ಸಾವ್ಕಾರ್ರಿಗೆ ಸಮಾಧಾನ ಹೇಳ್ತೀನಿ ಬಿಡು."

ಹತ್ತು ವರ್ಷದಲ್ಲಿ ಒಮ್ಮೆಯೂ ತಿರುವು ಹೊಡೆಯದ ಕೈ. ಆದರೂ ಮೌಲಾ ಸಾಬರು ನಂಬಿದರು. ಆ ದಿನಗಳಲ್ಲಿ ತಾನು ಬಸ್ಸಿನಲ್ಲಿ ನಿದ್ದೆ ಹೋದದ್ದು, ಅಡಿಗಲ್ಲಿನ ಮೇಲೆ ಸುತ್ತಿಗೆ ಇಟ್ಟು ಅತ್ತದ್ದು ಅವರಿಗೆ ನೆನಪಿತ್ತು. ಬಾಣ ಹೊಡೆದದ್ದು ನೆನಪಿರಲಿಲ್ಲ. ಗೆಳೆಯ ಇಲ್ಲದ್ದನ್ನು ಯಾಕೆ ಹೇಳುತ್ತಾನೆ? ಅಂಗಡಿಗೆ ತಿರುಗಿ ಹೋಗಿ, ಎಲ್ಲರೆದುರು ಅಜ್ಜಪ್ಪನವರಿಗೆ ಕೈಮುಗಿದು, "ನಂದೇ ತಪ್ಪು ಸಾವ್ಕಾರ್ರೆ," ಎಂದರು.

ಆಮೇಲೆ ಯಾರೂ ಅವರಿಂದ ದೀಪದ ಪೆಟ್ಟಿಗೆ ಮಾಡಿಸಲಿಲ್ಲ. ಮಲ್ಲೇಶಪ್ಪ ಹೊಸಪೇಟೆ ಕಡೆಯ ಯಾರದೋ ಕೈಲಿ ಪೆಟ್ಟಿಗೆ ಮಾಡಿಸತೊಡಗಿದ. "ಜನ ನಿನ್ನ ಹೆಸ್ರು ಕೇಳಿದ್ರೆ ಹೆದರ್ತಾರಪ್ಪ, ನಾ ಏನ್ ಮಾಡ್ಲಿ," ಎನ್ನುತ್ತಿದ್ದ. ಅದನ್ನೂ ಇವರು ಒಪ್ಪಿಕೊಂಡರು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಹನುಮಂತಪ್ಪನ ಮನೆಗೆ ಹೋಗುತ್ತಿದ್ದರು. ಅವನ ಬೆರಳುಗಳು ಒಂದಕ್ಕೊಂದು ಅಂಟಿ ಮುದುಡಿದ್ದವು. ಗಜದ ಕೋಲು ಹಿಡಿಯಲು ಬಾರದೆ ಮನೆಯಲ್ಲೇ ಇದ್ದ. ಆ ಕೈಗೆ ಕೊಬ್ಬರಿ ಎಣ್ಣೆ ಸವರಿ, ಒಂದೊಂದೇ ಬೆರಳು ನೀವಿ ಬಿಡಿಸುವುದು ಮೌಲಾ ಸಾಬರ ಕೆಲಸವಾಯಿತು. ಮನೆಗೆ ಬಂದ ಮೇಲೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಟ್ರಂಕಿಗೆ ಬೆಸುಗೆ ಹಾಕುವಾಗಲೂ ಮೂರು ಮೂರು ಸಲ ತಿರುಗಿಸಿ ನೋಡುತ್ತಿದ್ದರು.

"ನಿಮ್ ಕೈ ಮ್ಯಾಲೆ ನಿಮ್ಗೇ ನಂಬ್ಕಿ ಹೋದ್ರೆ ಹೆಂಗ್ರಿ?" ಎಂದು ಮಾಬೂಬೀ ಒಂದು ದಿನ ಕೇಳಿದಳು. ಅವರು ಕೈಲಿದ್ದ ಟ್ರಂಕನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು.

ದೀಪಾವಳಿಗೆ ಅಜ್ಜಪ್ಪನವರು ಅಂಗಡಿ ಸುಣ್ಣ ಹೊಡೆಸಿದರು. ಹಿತ್ತಲಲ್ಲಿ ಬಿದ್ದಿದ್ದ ಸುಟ್ಟ ಪೆಟ್ಟಿಗೆಯನ್ನು ಒಯ್ಯಲು ಹೇಳಿಕಳಿಸಿದರು. ಮೌಲಾ ಸಾಬರು ಹೋದರು. ಆರು ತಿಂಗಳಲ್ಲಿ ಆ ಪೆಟ್ಟಿಗೆಯನ್ನು ಅವರು ಕಣ್ಣೆತ್ತಿ ನೋಡಿದ್ದೇ ಇಲ್ಲ. ಈಗ ಗೋಡೆಗೆ ಆನಿಸಿ ಮಸಿ ಒರೆಸಿದರು.

ಬಾಣ ಇತ್ತು. ಮಲ್ಲೇಶಪ್ಪ ಹೇಳಿದಂತೆಯೇ ತೂತುಗಳ ಕಡೆಗೆ ಮುಖ ಮಾಡಿತ್ತು. ಮೌಲಾ ಸಾಬರು ಅದರ ಮೇಲೆ ಬೆರಳಾಡಿಸಿದರು. ಬೆರಳು ನಿಂತಿತು.

ಅವರು ಯಾವಾಗಲೂ ತಗಡು ಮಡಿಚುವ ಮೊದಲೇ ಒಳಮೈಯಿಂದ ಮೊಳೆ ಹೊಡೆಯುತ್ತಿದ್ದರು. ಚುಕ್ಕಿಗಳು ಹೊರಗೆ ಉಬ್ಬಿ ನಿಲ್ಲಬೇಕು, ಗೋಧಿ ಕಾಳಿನ ಹಾಗೆ. ಇವು ತಗ್ಗಾಗಿದ್ದವು. ಹೊರಗಿನಿಂದ ಹೊಡೆದ ಚುಕ್ಕಿಗಳು. ಪೆಟ್ಟಿಗೆ ಪೂರ್ತಿ ಮುಚ್ಚಿದ ಮೇಲೆ ಹೊಡೆದವು. ಪೆಟ್ಟಿಗೆಯನ್ನು ತಿರುಗಿಸಿ ಇನ್ನೊಂದು ತುದಿ ಒರೆಸಿದರು. ಅಲ್ಲಿ ಅಂಗೈಯಗಲ ಜಾಗವನ್ನು ಸುತ್ತಿಗೆಯಿಂದ ಬಡಿದು ಸಪಾಟು ಮಾಡಲಾಗಿತ್ತು. ಓರೆಯಾಗಿ ಬಿಸಿಲಿಗೆ ಹಿಡಿದಾಗ ಅವರ ಹಳೆಯ ಬಾಣ ಗಾಯದ ಗುರುತಿನ ಹಾಗೆ ಕಂಡಿತು. ಸರಿಯಾಗಿಯೇ, ತಲೆಯ ಕಡೆಗೆ.

ಇನ್ನೂ ಒಂದಿತ್ತು. ಹೊಸ ಚುಕ್ಕಿಗಳ ಬಾಯಲ್ಲಿ ತಗಡು ಬೆಳ್ಳಗಿತ್ತು, ಸುತ್ತ ಒರೆಸಿದರೂ ಬಿಡದ ಮಸಿ ಹೊಪ್ಪಳಿಕೆಯಾಗಿ ಎದ್ದಿತ್ತು. ಬೆಂಕಿಯ ಮೊದಲೇ ಹೊಡೆದಿದ್ದರೆ ಆ ತಗ್ಗಿನೊಳಗೂ ಮಸಿ ಕೂತಿರುತ್ತಿತ್ತು. ಬೆಂಕಿ ಆರಿದ ಮೇಲೆ, ಹನುಮಂತಪ್ಪ ಆಸ್ಪತ್ರೆಯಲ್ಲಿ ನರಳುತ್ತಿದ್ದಾಗ, ಯಾರೋ ಇಲ್ಲಿ ಕೂತು ಹನ್ನೊಂದು ಚುಕ್ಕಿ ಎಣಿಸಿ ಹೊಡೆದಿದ್ದರು. ಬಾಣಕ್ಕೆ ಹನ್ನೊಂದೇ ಚುಕ್ಕಿ ಎಂದು ಗೊತ್ತಿದ್ದವರು ಇಬ್ಬರೇ.

ಮೌಲಾ ಸಾಬರು ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನೇರ ಮಲ್ಲೇಶಪ್ಪನ ಮನೆಗೆ ನಡೆದರು. ಅವನು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ. ಪೆಟ್ಟಿಗೆ ಕಂಡು ಲೋಟ ಕೆಳಗಿಟ್ಟ. ಹೆಂಡತಿ ದುರುಗವ್ವನಿಗೆ ಒಳಗೆ ಹೋಗಲು ಸನ್ನೆ ಮಾಡಿದ.

"ಯಾಕ ಮಲ್ಲೇಶಿ?" ಎಂದರು ಮೌಲಾ ಸಾಬರು. ಅಷ್ಟೇ.

ಅವನು ಸುಳ್ಳು ಹೇಳಲು ಹೋಗಲಿಲ್ಲ, ನಡೆದದ್ದು ಹೇಳಿದ. ಅಂಗಡಿಯ ಕರೆಂಟಿನ ಲೈನು ಬೋರ್ಡಿನ ಕೆಳಗಿನ ಮೂಲೆಗೆ ಬಂದಿತ್ತು. ಪೆಟ್ಟಿಗೆಯೊಳಗೆ ವೈರು ಹೋಗುವ ಕಂಡಿ ಮೇಲಿನ ಮೂಲೆಯಲ್ಲಿತ್ತು. ಹೊಸ ಗಾರೆ ಒಡೆದು ಮೇಲಕ್ಕೆ ಎಳೆಯಲು ಎರಡು ದಿನ ಬೇಕು, ಪೂಜೆ ಮರುದಿನವೇ. ಗಾಜು ತೆಗೆದು, ಪೆಟ್ಟಿಗೆ ತಿರುಗಿಸಿ ಏರಿಸಿ, ಹೆಸರು ತಲೆಕೆಳಗಾಗದಂತೆ ಗಾಜು ನೆಟ್ಟಗೆ ಹಾಕಿದ. ಮಳೆಗಾಲದ ಮೊದಲು ಸರಿ ಮಾಡಿದರಾಯಿತು ಅಂದುಕೊಂಡಿದ್ದ.

"ನನ್ ಲೈಸೆನ್ಸ್ ಹೋಗ್ತಿತ್ತು ಮೌಲಾ. ಲೈಸೆನ್ಸ್ ಹೋದ್ರೆ ನಾ ಯಾರು? ನಿಂಗೆ ಟ್ರಂಕು ಐತೆ, ಕೊಡ ಐತೆ, ಹೆಂಗೋ ನಡೀತತಿ ಅಂದ್ಕಂಡೆ."

"ತಿರುವಿ ಏರ್ಸಿದ್ದು ಬಿಡು. ಅವಸರ ಎಲ್ಲಾರಿಗೂ ಐತೆ. ಸಾವ್ಕಾರ್ರಿಗೆ ಸುಳ್ಳು ಹೇಳಿದ್ದೂ ಹೋಗ್ಲಿ. ನಂಗ್ಯಾಕ ಹೇಳ್ದೆ? ಆರು ತಿಂಗ್ಳು ಆ ಮನುಷ್ಯನ ಕೈ ಹಿಡ್ಕಂಡು ಕೂತೀನಿ ನಾನು. ನಂಗಾದ್ರೂ ನಿಜ ಹೇಳ್ಬೋದಿತ್ತಲ್ಲ?"

ಮಲ್ಲೇಶಪ್ಪ ಎದ್ದು ಒಳಬಾಗಿಲು ಎಳೆದುಕೊಂಡ.

"ನಿಂಗೆ ನಿಜ ಗೊತ್ತಿದ್ರೆ ನೀ ಹಂಗೆ ಕೈಮುಗೀತಿರ್ಲಿಲ್ಲ," ಎಂದ. "ನೀ ನಂಬ್ತಿ ಅಂತ ಗೊತ್ತಿತ್ತು. ಅವ್ವನ ಹೆಸ್ರು ತೆಗೆದ್ರೆ ನಂಬೇ ನಂಬ್ತಿ ಅಂತ."

ಮೌಲಾ ಸಾಬರು ಅವನ ಕೈ ನೋಡಿದರು. ಹೊಳೆಯ ದಂಡೆಯಲ್ಲಿ ಭುಜದ ಮೇಲಿದ್ದ ಆ ಕೈ, ಆ ಹೊತ್ತಿಗಾಗಲೇ ಪೆಟ್ಟಿಗೆಯನ್ನು ತಿರುವಿ ಏರಿಸಿ ಬಂದಿತ್ತೋ, ಇನ್ನೂ ಇಲ್ಲವೋ ಎಂದು ಲೆಕ್ಕ ಹಾಕಲು ನೋಡಿದರು. ಆಗಲಿಲ್ಲ. ಪೆಟ್ಟಿಗೆ ಮತ್ತೆ ತಲೆಗೇರಿಸಿಕೊಂಡರು. ಅವನು ಹಿಂದೆಯೇ ಬೀದಿಯವರೆಗೆ ಬಂದು, "ಸಾವ್ಕಾರ್ರಿಗೆ ನಾನೇ ಹೇಳ್ತೀನಿ, ನಾಳೆ ಹೇಳ್ತೀನಿ, ನಿಲ್ಲು," ಎನ್ನುತ್ತಿದ್ದ. ಇವರು ನಿಲ್ಲಲಿಲ್ಲ.

ಅಜ್ಜಪ್ಪನವರ ಅಂಗಡಿಯ ಮುಂದೆ ಪೆಟ್ಟಿಗೆ ಇಳಿಸಿ ಒಂದು ಕೊಡ ನೀರು ಕೇಳಿದರು. ತೂತು ಕೆಳಗೆ ಮಾಡಿ ನಿಲ್ಲಿಸಿ, ಗಾಜಿಲ್ಲದ ಬಾಯಿಂದ ನೀರು ಸುರಿದರು. ಆರು ಧಾರೆಯಾಗಿ ಬೀದಿಗೆ ಇಳಿಯಿತು. ಆಮೇಲೆ ತಿರುವಿ ನಿಲ್ಲಿಸಿ ಸುರಿದರು. ಗಾಜು ಕೂರುವ ಅಂಚಿನ ಕೆಳಗೆ ಮೂರು ಬೆರಳು ನೀರು ನಿಂತಿತು, ಸುಟ್ಟ ಗಂಟಿನ ಗುರುತು ಅದರಲ್ಲೇ ಮುಳುಗಿತು. ಎರಡೂ ಬಾಣ ತೋರಿಸಿದರು. ಅಜ್ಜಪ್ಪನವರು ಕನ್ನಡಕ ಹಾಕಿಕೊಂಡು ಬಗ್ಗಿ, ತಾವೇ ಬೆರಳಿಟ್ಟು ನೋಡಿದರು.

"ಇದನ್ನ ಅವತ್ತೇ ಯಾಕ ಹೇಳ್ಲಿಲ್ಲ ನೀವು?"

"ಅವತ್ತು ನಂಗೂ ಗೊತ್ತಿರ್ಲಿಲ್ರಿ."

ಮಲ್ಲೇಶಪ್ಪನ ಲೈಸೆನ್ಸ್ ಹೋಗಲಿಲ್ಲ. ಅಜ್ಜಪ್ಪನವರು ಅವನನ್ನು ಅಂಗಡಿಯ ಮೆಟ್ಟಿಲು ಹತ್ತಿಸಲಿಲ್ಲ, ಅಷ್ಟೇ. ಊರಿನ ಉಳಿದವರಿಗೆ ಅದು ಆರು ತಿಂಗಳ ಹಳೆಯ ಮಾತು. ಕೇಳಿ ಹೌದಾ ಎಂದು ಸುಮ್ಮನಾದರು. ಹನುಮಂತಪ್ಪನಿಗೆ ಮೌಲಾ ಸಾಬರೇ ಹೋಗಿ ಹೇಳಿದರು. ಅವನು ತನ್ನ ಕೈ ನೋಡಿಕೊಂಡು, "ಹಂಗಾದ್ರೆ ಇನ್ ಬರಲ್ವಾ ನೀವು?" ಎಂದು ಕೇಳಿದ. ಮುಂದಿನ ಶುಕ್ರವಾರವೂ ಹೋದರು. ಅವನು ಇರುವವರೆಗೂ ಹೋದರು.

ಅಜ್ಜಪ್ಪನವರು ಹೊಸ ಪೆಟ್ಟಿಗೆ ಮಾಡಿಕೊಡಿ ಎಂದು ಎರಡು ಸಲ ಹೇಳಿಕಳಿಸಿದರು. ಮೌಲಾ ಸಾಬರು ಒಂದು ಮಾಡಿಕೊಟ್ಟರು. ಬೇರೆ ವೈರ್‌ಮನ್ ಏಣಿ ಹತ್ತಿದಾಗ ಬೀದಿಯಲ್ಲಿ ನಿಂತು ಕೊನೆಯ ಮೊಳೆಯವರೆಗೂ ನೋಡಿದರು. ಏಣಿಯ ಮೇಲಿದ್ದವನು, "ಇಷ್ಟು ನಂಬ್ಕಿ ಇಲ್ಲಂದ್ರೆ ಹೆಂಗೆ ಸಾಬ್ರೆ," ಎಂದು ನಕ್ಕ. ಅದೇ ಕೊನೆ, ಮತ್ತೆ ಅವರು ದೀಪದ ಪೆಟ್ಟಿಗೆ ಮಾಡಲಿಲ್ಲ. ಮರುವರ್ಷ ಆನೆಕೊಂಡದ ಮನೆ ಬಿಟ್ಟು ಹರಿಹರಕ್ಕೆ ಹೋಗಿ, ತಾಯಿಯ ಮನೆಯ ಮುಂಭಾಗದಲ್ಲೇ ಟ್ರಂಕಿನ ಅಂಗಡಿ ಇಟ್ಟರು.

ಅರವತ್ತನಾಲ್ಕರಲ್ಲಿ ಓಬವ್ವನ ಮದುವೆಯ ಕರೆಯೋಲೆ ಬಂತು. ತಂದವಳು ದುರುಗವ್ವ. ಬಾಗಿಲಲ್ಲಿ ನಿಂತೇ, "ಅಣ್ಣಾ, ಹುಡುಗಿ ದಿನಾ ನಿಮ್ಮ ಹೆಸ್ರು ಹೇಳ್ತಾಳ್ರಿ," ಎಂದು ಕಣ್ಣೊರೆಸಿಕೊಂಡಳು. ಮಾಬೂಬೀ ಅವಳನ್ನು ಒಳಗೆ ಕರೆದು ಚಹಾ ಕೊಟ್ಟಳು. ಮೌಲಾ ಸಾಬರು ಓಲೆಯನ್ನು ಎರಡು ಸಲ ಓದಿದರು. ವಾರವೆಲ್ಲ ಕೂತು ಒಂದು ದೊಡ್ಡ ಟ್ರಂಕು ಮಾಡಿದರು. ಹಸಿರು ಬಣ್ಣ, ಮುಚ್ಚಳದ ಒಳಗೆ ಕನ್ನಡಿ, ಹಿತ್ತಾಳೆಯ ಚಿಲಕ. ಮದುವೆಯ ಹಿಂದಿನ ದಿನ ಅದನ್ನು ದಾವಣಗೆರೆ ಬಸ್ಸಿನ ಮೇಲೆ ಹಾಕಿಸಿ ಮಾಬೂಬೀಯನ್ನು ಕಳಿಸಿದರು.

"ನೀವು ಬರಲ್ವಾ?" ಎಂದು ಅವಳು ಕಿಟಕಿಯಿಂದ ಕೇಳಿದಳು.

"ಇಲ್ಲ," ಎಂದರು. ಬಸ್ಸು ದಾವಣಗೆರೆ ರಸ್ತೆಗೆ ತಿರುಗುವವರೆಗೂ ನಿಂತಿದ್ದು ಅಂಗಡಿಗೆ ಹೋದರು.