ಅಳುವಿನ ಮೇಲೊಂದು ಹಾಡು

ಹೆರಿಗೆಯಲ್ಲಿ ಸತ್ತ ನನ್ನ ಕೂಸಿನ ಕಥೆ ಹೇಳುತ್ತ ಅತ್ತುಬಿಟ್ಟೆ. ಕೂಡಲೇ ಪ್ರಾರ್ಥನೆ ನಡೆಸುತ್ತಿದ್ದ ಟೀಚರ್ ಹಾಡು ಶುರುಮಾಡಿದರು. ಉಳಿದವರು ಚಪ್ಪಾಳೆ ತಟ್ಟುತ್ತ ದನಿಗೂಡಿಸಿದರು. ೧೯೮೦ರ ಸುಮಾರಿನ ಮಾತಿದು. ಶಿಗ್ಗಾಂವಿಯ ಆ ಟೀಚರ ಮನೆಯಲ್ಲಿ ಬುಧವಾರ ಸಂಜೆ ನಾವು ಏಳೆಂಟು ಕ್ರೈಸ್ತ ಹೆಂಗಸರು ಪ್ರಾರ್ಥನೆಗೆ ಕೂಡುತ್ತಿದ್ದೆವು. ಒಬ್ಬೊಬ್ಬರೇ ನಮ್ಮ ಬದುಕಿನ ಕಥೆ ಹೇಳುತ್ತಿದ್ದೆವು. ಯಾರಾದರೂ ಅತ್ತರೆ ಸಮಾಧಾನದ ಹಾಡು ಹಾಡುವುದು ರೂಢಿ. ನಾನೂ ಎಷ್ಟೋ ಜನರ ಅಳುವಿನ ಮೇಲೆ ಹಾಡಿದ್ದೆ. ಅಂದು ಮಾತ್ರ ಮೈಯೆಲ್ಲ ಉರಿಯಿತು.

ಮೂಲೆಯಲ್ಲಿ ಕುಳಿತಿದ್ದ ಮುದುಕಿ ರೂತವ್ವ ಎದ್ದು ಬಂದು ಟೀಚರ ಕೈ ಹಿಡಿದಳು.

"ಹಾಡು ನಿಲ್ಲಸ್ರಿ ಅಕ್ಕಾರ. ಆಕಿ ಇನ್ನೂ ಹೇಳಾಕತ್ತಾಳ."

ಹಾಡು ನಿಂತಿತು. ಆರು ವರ್ಷ ನುಂಗಿಕೊಂಡದ್ದನ್ನು ಜೋರಾಗಿಯೇ ಹೇಳಿದೆ.

"ಎರಡು ದಿವಸ ಬ್ಯಾನಿ ತಿಂದೆ. ಬಸ್ಸು ಬಾಗಲ ಮುಂದ ಹೋಗ್ತಿತ್ತು. ನಮ್ಮತ್ತಿ ದವಾಖಾನಿ ಬ್ಯಾಡ ಅಂದ್ಲು. ಕೂಸು ಸತ್ತ ಮ್ಯಾಲೆ ದೇವರ ಚಿತ್ತ ಅಂದ್ಲು. ದೇವರ ಚಿತ್ತ ಅಲ್ಲದು, ಆಕಿ ಹಟ."

ರೂತವ್ವ ನನ್ನ ಬೆನ್ನ ಮೇಲೆ ಕೈಯಿಟ್ಟು ಕುಳಿತಳು.

ಅತ್ತೆಯ ಮೇಲಿನ ಸಿಟ್ಟು ಇನ್ನೂ ಇದೆ, ಇರಲಿ. ಎದೆಯ ಭಾರ ಮಾತ್ರ ಅಂದೇ ಇಳಿಯಿತು. ಆಮೇಲೆ ಯಾರಾದರೂ ಅಳುವಾಗ ಹಾಡು ಶುರುವಾದರೆ, ಎದ್ದು ನಿಲ್ಲಿಸುವವಳು ನಾನೇ.