ಗಿರ್ಮಿಟ್ ಡಬ್ಬಿ ಮತ್ತು ನವಲೂರಿನ ಏರು

ನಮ್ಮ ಅಡುಗೆಮನೆಯ ಬಾಗಿಲಿನ ಪಕ್ಕ ದೊಡ್ಡ ದೊಡ್ಡ ಚೌಕಗಳ ಒಂದು ಕ್ಯಾಲೆಂಡರ್ ತೂಗುತ್ತದೆ. ನಳದ ನೀರು ಬಂದ ದಿನ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಮಾವಿನಕಾಯಿ ಉಪ್ಪಿಗೆ ಹಾಕಿದ ದಿನ, ಮಿಕ್ಸರ್ ಸುಟ್ಟ ದಿನ ಎಲ್ಲವನ್ನೂ ಅದರಲ್ಲಿ ಬರೆದಿಡುವುದು ಮದುವೆಯಾದಾಗಿನಿಂದ ನನಗಿರುವ ಚಟ. ಕಳೆದ ವರ್ಷದಿಂದ ಪ್ರತಿ ಚೌಕದ ಕೆಳಮೂಲೆಯಲ್ಲಿ ಎರಡು ಅಂಕಿಗಳು ಸೇರಿಕೊಂಡಿವೆ. ಮೇಲಿನದು ನಮ್ಮನೆಯವರದು, ಕೆಳಗಿನದು ನನ್ನದು. ಆ ದಿನ ಸೈಕಲ್ ಮೇಲೆ ಹೋದ ಕಿಲೋಮೀಟರ್ ಅದು.

ಇದು ಶುರುವಾದದ್ದು ಅವರ ರಕ್ತಪರೀಕ್ಷೆಯಿಂದ. ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವರು ಸೂಪರ್‌ವೈಸರ್. ಉಣಕಲ್ಲಿನಿಂದ ಕಂಪನಿ ಬಸ್ಸಿನಲ್ಲಿ ಕೂತು ಹೋಗಿ, ಕುರ್ಚಿಯಲ್ಲಿ ಕೂತು, ಮತ್ತೆ ಬಸ್ಸಿನಲ್ಲಿ ಕೂತು ಬರುವ ಕೆಲಸ. ಡಾಕ್ಟರು ಕಾಗದ ನೋಡಿ, "ಸಕ್ಕರಿ ಇನ್ನೂ ಹೊಸ್ತಿಲದಾಗ ನಿಂತೈತಿ ನೋಡ್ರಿ. ಒಳಗ ಕರಕೊಳ್ಳೋದು ಬಿಡೋದು ನಿಮ್ಮ ಕೈಯಾಗ ಐತಿ. ಆರು ತಿಂಗಳು ಗುಳಿಗಿ ಕೊಡಂಗಿಲ್ಲ, ಮೈ ದಣಿಸ್ರಿ" ಎಂದರು.

ಎರಡು ವಾರ ಉಣಕಲ್ ಕೆರೆಯ ದಂಡೆಯಲ್ಲಿ ನಡೆದರು. ಹದಿನೈದನೆಯ ದಿನ ಚಪ್ಪಲಿ ಬಿಚ್ಚಿ ಒಗೆದರು. "ಎಷ್ಟಂತ ಅದನ್ನ ಸುತ್ತಲಿ? ನಾ ಏನು ಗಾಣದ ಎತ್ತ?"

ಆಗ ಸೈಕಲ್ಲಿನ ಮಾತು ಬಂತು. ಅವರು ಗೇರಿನ ಸೈಕಲ್ ತಂದರು. ಮಗಳು ಕಾಲೇಜಿಗೆ ಓಡಿಸುತ್ತಿದ್ದ, ಮುಂದೆ ಬುಟ್ಟಿ ಇರುವ ಸೈಕಲ್ಲಿನ ಧೂಳನ್ನು ನಾನು ಒರೆಸಿದೆ. ನನಗೇನೂ ಡಾಕ್ಟರು ಹೇಳಿರಲಿಲ್ಲ. ಆದರೆ ಇವರನ್ನು ಒಬ್ಬರನ್ನೇ ಬಿಟ್ಟರೆ ಎರಡನೇ ತಿರುವಿನ ಚಹಾದಂಗಡಿಯಲ್ಲಿ ಸವಾರಿ ಮುಗಿಯುತ್ತದೆಂದು ನನಗೆ ಗೊತ್ತಿತ್ತು. ಮೊದಲ ದಿನ ಮನೆಯಿಂದ ಕೆರೆಯವರೆಗೆ ಹೋಗಿ ಬಂದೆವು. ಕ್ಯಾಲೆಂಡರಿನಲ್ಲಿ ಎರಡು, ಎರಡು ಎಂದು ಬರೆದೆ. ಅಂದು ಇಡೀ ಮಧ್ಯಾಹ್ನ ನನಗೆ ಕೂತರೆ ಏಳಲಾಗಲಿಲ್ಲ, ಎದ್ದರೆ ಕೂರಲಾಗಲಿಲ್ಲ.

ಕೆರೆಯ ಹತ್ತಿರ ನಮ್ಮಂತೆಯೇ ಏದುಸಿರು ಬಿಡುತ್ತ ಬರುವ ಇನ್ನಷ್ಟು ಜನ ಸಿಕ್ಕರು. ಎಲ್ಲ ಸೇರಿ ಒಂಬತ್ತು ಮಂದಿ, ಹೆಚ್ಚಿನವರು ನಲವತ್ತೈದು ದಾಟಿದವರು. ನಮಗೆ ಮುಂದಾಳು ಒಬ್ಬ ನಿವೃತ್ತ ಪಿ.ಟಿ. ಮಾಸ್ತರರು, ಎಲ್ಲರಿಗೂ ಅವರು ಸರ್. ಇನ್ನೊಬ್ಬಳು ನಮ್ಮ ಓಣಿಯಲ್ಲೇ ಇರುವ, ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿ. ಅವಳು ನನ್ನನ್ನು ಅಣ್ಣನ ಹೆಂಡತಿಯಂತೆ ವೈನಿ ಎನ್ನುತ್ತಾಳೆ, ಬಾಯಿ ಮಾತ್ರ ನಾದಿನಿಯದು. ಫೋನಿನಲ್ಲಿ ಒಂದು ಗ್ರೂಪ್ ಆಯಿತು. ಸೈಕಲ್ ಓಡಿದ ದೂರವನ್ನು ಅಳೆಯುವ ಆ್ಯಪ್ ಎಲ್ಲರ ಫೋನಿಗೂ ಬಂತು. ಸವಾರಿ ಮುಗಿಸಿದವರು ಅದರ ಫೋಟೋ ಗ್ರೂಪಿಗೆ ಹಾಕಬೇಕು, ಸರ್ ಒಬ್ಬೊಬ್ಬರಿಗೂ ಒಂದೊಂದು ಮಾತು ಬರೆಯುತ್ತಾರೆ. ಅವರಿಂದ "ಶಾಬಾಶ್" ಬಂದ ದಿನ ನಾನು ಸಾರಿಗೆ ಉಪ್ಪು ಎರಡು ಸಲ ಹಾಕಿದ್ದೂ ಇದೆ.

ಗ್ರೂಪಿಗೆ ಒಂದು ಪದ್ಧತಿಯಿದೆ. ಧಾರವಾಡದ ಕಡೆ ಹೋಗುವಾಗ ಸತ್ತೂರು ದಾಟಿದ ಮೇಲೆ ನವಲೂರಿನ ಏರು ಸಿಗುತ್ತದೆ. ಮೋಟಾರಿನಲ್ಲಿ ಹೋಗುವವರಿಗೆ ಅದು ಏರೆಂದೇ ತಿಳಿಯುವುದಿಲ್ಲ. ಪೆಡಲ್ ತುಳಿಯುವವರಿಗೆ ಮಾತ್ರ ಅದರ ಉದ್ದ ಗೊತ್ತು. ಕಾಲು ಊರದೆ ಅದನ್ನು ಮೊದಲ ಸಲ ಹತ್ತಿದವರು ಮುಂದಿನ ರವಿವಾರ ಮನೆಯಿಂದ ಗಿರ್ಮಿಟ್ ತಂದು, ಏರಿನ ತುದಿಯಲ್ಲಿ ಎಲ್ಲರಿಗೂ ತಿನ್ನಿಸಬೇಕು. ಉಳ್ಳಾಗಡ್ಡಿ ಹುರಿದು, ಹುಣಸೆರಸ ಬೆಲ್ಲ ಹಾಕಿ ಕುದಿಸಿದ ಮಸಾಲೆಯನ್ನು ಚುರುಮುರಿಗೆ ಕಲಸಿ, ಮೇಲೆ ಹುರಿಗಡಲೆಯ ಪುಟಾಣಿ ಹಿಟ್ಟು ಉದುರಿಸಿದರೆ ಗಿರ್ಮಿಟ್. ಕಲಸಿದ ಕೂಡಲೇ ತಿನ್ನಬೇಕು, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಹಾಗಾಗಿ ಚುರುಮುರಿ ಬೇರೆ, ಮಸಾಲೆ ಡಬ್ಬಿ ಬೇರೆ ಒಯ್ದು, ಅಲ್ಲೇ ಕಲಸುವುದು ರೂಢಿ.

ಐದು ತಿಂಗಳಲ್ಲಿ ಇವರ ಬೆಲ್ಟು ಎರಡು ತೂತು ಒಳಗೆ ಸರಿದಿತ್ತು. ನಾನು ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಡುವೆ ನಿಲ್ಲದೆ ಮಾಳಿಗೆ ಹತ್ತುತ್ತಿದ್ದೆ. ಆದರೆ ಆ ಏರು ಮಾತ್ರ ಇಬ್ಬರಿಗೂ ಒಲಿದಿರಲಿಲ್ಲ. ನಡುವೆ ಒಂದು ಬೇವಿನ ಗಿಡವಿದೆ. ಅಲ್ಲಿಗೆ ಬಂದರೆ ಇವರ ಕಾಲು ತಾನಾಗಿ ನೆಲಕ್ಕೆ ಇಳಿಯುತ್ತಿತ್ತು. "ಈ ಗಿಡಕ್ಕೂ ನನಗೂ ಯಾವ ಜನ್ಮದ ಋಣನೋ" ಎನ್ನುತ್ತ ನೀರು ಕುಡಿಯುತ್ತಿದ್ದರು. ನಾನೂ ಅವರ ಹಿಂದೆ ಹತ್ತು ಹೆಜ್ಜೆಯಲ್ಲಿ ಇಳಿಯುತ್ತಿದ್ದೆ. ಡಾಕ್ಟರ ಹತ್ತಿರ ಹೋಗಲು ಇನ್ನು ಒಂದು ತಿಂಗಳಿತ್ತು.

ಆ ಗುರುವಾರ ಒಂದು ದಿನದ ಮಟ್ಟಿಗೆ ಇವರಿಗೆ ಮೊದಲ ಪಾಳಿ ಬಂತು, ನಸುಕಿಗೇ ಬಸ್ಸು ಹತ್ತಿದರು. ನಾನೊಬ್ಬಳೇ ಹೊರಟೆ. ಸತ್ತೂರು ದಾಟಿ ಏರಿನ ಬುಡಕ್ಕೆ ಬಂದಾಗ ಹಿಂದಿನ ಗಾಲಿ ಪಂಕ್ಚರ್ ಆಯಿತು. ನೋಡುತ್ತ ನಿಂತಿದ್ದೆ. ಅಮರಗೋಳದ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಇಳಿಸಿ ಖಾಲಿ ಚೀಲಗಳೊಂದಿಗೆ ಮರಳುತ್ತಿದ್ದ ಒಂದು ಹಳೆಯ ಟೆಂಪೋ ನಿಂತಿತು.

"ಪಂಕ್ಚರ್ ಅಂಗಡಿ ಮ್ಯಾಲ ಐತ್ರಿ ಅಕ್ಕಾರ. ಹತ್ರಿ, ಸೈಕಲ್ ಹಿಂದ ಒಗೀತೇನಿ" ಎಂದ ಡ್ರೈವರ್.

ಹತ್ತಿದೆ. ಟೆಂಪೋ ಉಬ್ಬಸದವರಂತೆ ಕೆಮ್ಮುತ್ತ ನಿಧಾನ ಏರಿತು. ಬೇವಿನ ಗಿಡ ಪಕ್ಕದಲ್ಲಿ ಸರಿದುಹೋದಾಗ ಅದಕ್ಕೊಂದು ಕೈ ಬೀಸಿದೆ ಕೂಡ. ಮೇಲೆ ಪಂಕ್ಚರ್ ತೆಗೆಸಿ, ಇಳಿಜಾರಿನಲ್ಲಿ ಗಾಳಿ ಕುಡಿಯುತ್ತ ಸೈಕಲ್ ಮೇಲೆಯೇ ಮನೆಗೆ ಬಂದೆ. ಬುಟ್ಟಿಯ ಚೀಲದಲ್ಲಿದ್ದ ಫೋನು ಮಾತ್ರ ಟೆಂಪೋದಲ್ಲೂ ಲೆಕ್ಕ ಮಾಡುತ್ತಲೇ ಇತ್ತು. ಇಪ್ಪತ್ಮೂರು ಕಿಲೋಮೀಟರ್ ತೋರಿಸಿತು. ರೂಢಿಯ ಕೈ, ಫೋಟೋ ತೆಗೆದು ಗ್ರೂಪಿಗೆ ಹಾಕಿತು. ಹಾಕಿದ ಮೇಲೆ ನೆನಪಾಯಿತು, ಟೆಂಪೋದ ಸುದ್ದಿ ಬರೆಯಬೇಕೆಂದು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಒಲೆ ಒರೆಸಿ ಬಂದು ನೋಡಿದರೆ ಗ್ರೂಪಿನ ತುಂಬ ಚಪ್ಪಾಳೆ. "ವೈನಿ ಏರು ಹತ್ತಿದ್ರು! ರವಿವಾರ ಗಿರ್ಮಿಟ್!" ಎಂದು ಬ್ಯಾಂಕಿನವಳು. "ಶಾಬಾಶ್. ಏರಿನ್ಯಾಗ ನಿಮ್ಮ ಸ್ಪೀಡು ನನಗಿಂತ ಜಾಸ್ತಿ ಐತಲ್ಲವಾ!" ಎಂದು ಸರ್.

ಬರೆಯಲು ಬೆರಳು ಎತ್ತಿದೆ. ಆಮೇಲೆ ಬರೆದರಾಯಿತು ಎಂದು ಇಳಿಸಿದೆ. ಕ್ಯಾಲೆಂಡರಿನಲ್ಲಿ ಮಾತ್ರ ಕೈ ತಪ್ಪಲಿಲ್ಲ. ೨೦, ಟೆಂಪೋ ೩ ಎಂದು ಬರೆದೆ.

ಮಧ್ಯಾಹ್ನ ಇವರು ಕಂಪನಿ ಬಸ್ಸಿನಿಂದ ಇಳಿದು ಬಂದರು. ದಾರಿಯಲ್ಲೇ ಗ್ರೂಪ್ ನೋಡಿದ್ದರು. "ಛಲೋ ಆತು ಬಿಡು. ನೀನರ ಹತ್ತಿದೆಲ್ಲ" ಎಂದರು. ನಗುತ್ತಲೇ ಅಂದರು, ಆದರೆ ಊಟಕ್ಕೆ ಕೂತಾಗ ಎರಡನೇ ರೊಟ್ಟಿ ಮುಟ್ಟಲಿಲ್ಲ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನ ಮುಂಜಾನೆ ಎಬ್ಬಿಸಿದರೆ, "ಮೊಣಕಾಲು ಹಿಡದೈತಿ, ನೀ ಹೋಗಿ ಬಾ" ಎಂದು ಮಗ್ಗಲು ಬದಲಿಸಿದರು. ಶನಿವಾರವೂ ಅದೇ. "ನನ್ನ ಕಡಿಂದ ಅದು ಆಗೂದಲ್ಲ ಬಿಡು. ಗುಳಿಗಿ ತಗೊಳ್ಳೋರು ಊರಾಗ ನಾ ಒಬ್ಬನ ಏನು?"

ಮೊದಲ ಪಾಳಿಯ ದಿನ ಬಿಟ್ಟರೆ ಐದು ತಿಂಗಳು ಒಂದೂ ಅಂಕಿ ತಪ್ಪದ ಮೇಲಿನ ಸಾಲಿನಲ್ಲಿ ಎರಡು ಚೌಕ ಖಾಲಿ ಬಿದ್ದವು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಅದೇ ಮೊಣಕಾಲಿನಲ್ಲಿ ಅವರು ಶುಕ್ರವಾರ ಸಂಜೆ ಅಟ್ಟ ಹತ್ತಿ ಹಳೆ ಪೇಪರ್ ಇಳಿಸಿದ್ದರು. ನನ್ನ ಮೂರು ಕಿಲೋಮೀಟರ್ ಟೆಂಪೋ ಇವರನ್ನು ಸೈಕಲ್ಲಿನಿಂದ ಇಳಿಸಿತ್ತು. ಅದು ಗೊತ್ತಿದ್ದೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಶಾಬಾಶ್ ಅಷ್ಟು ರುಚಿಯಾಗಿತ್ತು.

ಶನಿವಾರ ಸಂಜೆ ಗಿರ್ಮಿಟ್ಟಿನ ಮಸಾಲೆಗೆ ಉಳ್ಳಾಗಡ್ಡಿ ಹುರಿಯುವಾಗ ಗ್ಯಾಸ್ ತೀರಿತು. ಇವರು ಬಂದು ಹೊಸ ಸಿಲಿಂಡರ್ ಹಚ್ಚಿದರು. ಹಚ್ಚಿದವರು ಕ್ಯಾಲೆಂಡರಿನಲ್ಲಿ ಬರೆಯಬೇಕೆಂಬುದು ನಮ್ಮ ಮನೆಯ ಕಾನೂನು. ಪೆನ್ನು ಹಿಡಿದು ಅದರ ಮುಂದೆ ನಿಂತರು. ಬರೆದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತರು. ನಾನು ಬಾಣಲೆಯಲ್ಲಿ ಕೈಯಾಡಿಸುತ್ತಿದ್ದೆ.

"ನಾಳಿ ಎಷ್ಟಕ್ಕ ಹೊರಡೋದು?" ಎಂದರು.

"ಆರಕ್ಕ. ಬರ್ತೀರೇನು? ಮೊಣಕಾಲು?"

"ಗಿರ್ಮಿಟ್ಟಿಗೆ ಬರ್ತೇನಿ. ಮೊಣಕಾಲ ಏನು ಕೇಳ್ತಿ."

ಮಸಾಲೆಯ ವಾಸನೆಗೆ ಮನಸ್ಸು ಬದಲಾಯಿತೆಂದುಕೊಂಡೆ.

ರವಿವಾರ ಒಂಬತ್ತೂ ಜನ ಬಂದಿದ್ದರು. ನನ್ನ ಬುಟ್ಟಿಯಲ್ಲಿ ಚುರುಮುರಿಯ ದೊಡ್ಡ ಚೀಲ, ಅದರ ಪಕ್ಕ ಮಸಾಲೆಯ ಸ್ಟೀಲ್ ಡಬ್ಬಿ. ಭೈರಿದೇವರಕೊಪ್ಪ, ನವನಗರ, ರಾಯಾಪುರ ದಾಟುವವರೆಗೂ ಆ ಡಬ್ಬಿ ಪ್ರತಿ ತಗ್ಗಿಗೂ ಟಣ್ ಟಣ್ ಎನ್ನುತ್ತಿತ್ತು. ಏರಿನ ಬುಡದಲ್ಲಿ ನೀರು ಕುಡಿಯಲು ಎಲ್ಲರೂ ನಿಂತರು. ನಾನು ಮೂರು ದಿನದ ಹಿಂದೆ ಟೆಂಪೋ ಹತ್ತಿದ ಜಾಗವೇ ಅದು. ಈ ಚುರುಮುರಿಯನ್ನು ಮೇಲೆ ಹೋಗಿ ಯಾವ ಕೈಯಿಂದ ಕಲಸಲಿ?

"ಸರ್, ಮ್ಯಾಲ ಹೋಗೂಕಿಂತ ಮೊದಲ ಒಂದು ಮಾತು ಹೇಳೂದೈತ್ರಿ."

"ನೀರು ಕುಡದು ಹೇಳವಾ."

"ನೀರು ಆಮ್ಯಾಲ ಕುಡೀತೇನ್ರಿ. ಗುರುವಾರ ನಾ ಈ ಏರು ಹತ್ತಿಲ್ಲ. ಇಲ್ಲೇ ಪಂಕ್ಚರ್ ಆಗಿತ್ತು. ಟೆಂಪೋದಾಗ ಸೈಕಲ್ ಹಾಕ್ಕೊಂಡು ಮ್ಯಾಲ ಹೋದೆ. ಫೋನ್ ಬಂದ್ ಮಾಡೂದು ಮರತಿದ್ದೆ. ಆದ್ರ ಆಮ್ಯಾಲ ಹೇಳೂದು ಮರತಿರ್ಲಿಲ್ಲ. ನೀವೆಲ್ಲಾ ಹೊಗಳಿದ್ದು ಭಾಳ ಛಲೋ ಅನಿಸ್ತು. ಅದಕ್ಕ ಸುಮ್ಮನಾದೆ."

ಬ್ಯಾಂಕಿನವಳು ಸೈಕಲ್ ಹ್ಯಾಂಡಲ್ಲಿನ ಮೇಲೆ ಬಗ್ಗಿ ನಗತೊಡಗಿದಳು. "ಅಯ್ಯ ವೈನಿ! ಹಂಗಾರ ಈ ಗಿರ್ಮಿಟ್ ಆ ಟೆಂಪೋದವಗ ಹೋಗಬೇಕಲ್ರಿ! ಏರು ಹತ್ತಿದಾಂವ ಅಂವ!"

ಸರ್ ನಗಲಿಲ್ಲ, ಮೀಸೆ ಮಾತ್ರ ಅಲುಗಿತು. "ನನಗ ಅವತ್ತ ಡೌಟ್ ಬಂದಿತ್ತವಾ. ಮೂವತ್ತು ವರ್ಷ ಸಾಲಿ ಹುಡುಗರನ್ನ ಓಡಿಸೇನಿ. ಏರಿನ್ಯಾಗ ಆ ಸ್ಪೀಡಿಗೆ ಡೀಸೆಲ್ ಬೇಕ" ಎಂದರು. ಆಮೇಲೆ ಕೈ ಚಾಚಿದರು. "ಆ ಚೀಲಾ, ಡಬ್ಬಿ ಎರಡೂ ಈಕಡೆ ಕೊಡು. ನಿಮ್ಮಿಬ್ಬರೊಳಗ ಯಾರು ಕಾಲು ಊರಲಾರ್ದ ಬರ್ತೀರಿ, ಅವರ ಹೆಸರಿಲೆ ಕಲಸೂಣು. ಯಾರೂ ಬರ್ಲಿಲ್ಲ ಅಂದ್ರ ವಾಪಸ್ ಮನಿಗೆ ಒಯ್ಯಿ."

ಇವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅವರು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದರು. ಎದ್ದು, ಗೇರು ಇಳಿಸಿ, ಹೊರಟೇಬಿಟ್ಟರು. ನಾನು ಅವರ ಹಿಂದೆ, ಉಳಿದವರು ನಮ್ಮ ಆಚೆ ಈಚೆ.

ಮೊದಲ ಅರ್ಧ ಇಬ್ಬರಿಗೂ ಪಾಠವಾಗಿತ್ತು. ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಕಾಲಿಗೇ ಗೊತ್ತಿತ್ತು. ಬೇವಿನ ಗಿಡ ಹತ್ತಿರ ಬಂತು. ಇವರ ಅಂಗಿ ಬೆನ್ನಿಗೆ ಅಂಟಿತ್ತು, ಸೈಕಲ್ ಅತ್ತ ಇತ್ತ ಹಾವಿನಂತೆ ಹೊರಳುತ್ತಿತ್ತು. ಬಲಗಾಲು ಪೆಡಲಿನಿಂದ ಎತ್ತಿದ್ದು ಕಂಡಿತು. ಅಷ್ಟು ಜನರ ನಡುವೆ ನಾನು ಎಂದೂ ಅವರಿಗೆ ಕೂಗಿ ಮಾತಾಡಿದವಳಲ್ಲ.

"ಊರಬ್ಯಾಡ್ರೀ! ಗಿಡಾ ನೋಡಬ್ಯಾಡ್ರಿ, ರಸ್ತೆ ನೋಡ್ರಿ!"

ಆ ಕೂಗಿಗೆ ನನ್ನ ಉಸಿರೆಲ್ಲ ಮುಗಿಯಿತು. ನನ್ನ ಎಡಗಾಲು ನೆಲ ಮುಟ್ಟಿತು. ಅವರ ಬಲಗಾಲು ಮಾತ್ರ ಪೆಡಲಿಗೆ ಮರಳಿತು. ಸೈಕಲ್ ಗಿಡ ದಾಟಿತು. ನಾನು ಅದೇ ನೆರಳಿನಲ್ಲಿ ಸೈಕಲ್ ಹಿಡಿದು ನಿಂತು, ಆ ಒದ್ದೆ ಬೆನ್ನು ಸಣ್ಣದಾಗುತ್ತ ಆಗುತ್ತ ಏರಿನ ಅಂಚಿನಲ್ಲಿ ನೆಟ್ಟಗಾದದ್ದನ್ನು ನೋಡಿದೆ. ನನ್ನ ಮಗಳು ಡಿಗ್ರಿ ಪಾಸಾದ ದಿನವೂ ನನಗೆ ಅಷ್ಟು ಎದೆ ಉಬ್ಬಿರಲಿಲ್ಲ, ಇದನ್ನು ಅವಳಿಗೂ ಹೇಳಿದ್ದೇನೆ.

ನಾನು ಮತ್ತೆ ಹತ್ತಿಕೊಂಡು ಮೇಲೆ ತಲುಪುವಷ್ಟರಲ್ಲಿ ಅವರು ಎಲ್ಲರಿಗೂ "ಊರ್ಲಿಲ್ರಿ, ಒಂದು ಸಲಾನೂ ಊರ್ಲಿಲ್ಲ" ಎಂದು ಹೇಳಿ ಮುಗಿಸಿ, ಎರಡನೇ ಸುತ್ತು ಶುರುಮಾಡಿದ್ದರು. ಸರ್ ಡಬ್ಬಿಯನ್ನು ಅವರ ಕೈಗೇ ಕೊಟ್ಟರು. ಇಪ್ಪತ್ತೈದು ವರ್ಷದಲ್ಲಿ ಚಹಾ ಸಹ ಸೋಸದ ಮನುಷ್ಯ, ಹಾಸಿದ ಪೇಪರಿನ ಮೇಲೆ ಚುರುಮುರಿ ಸುರಿದು ಮೊಣಕೈವರೆಗೆ ಮಸಾಲೆ ಮಾಡಿಕೊಂಡು ಗಿರ್ಮಿಟ್ ಕಲಸಿದರು. ಪುಟಾಣಿ ಹಿಟ್ಟು ಜಾಸ್ತಿಯಾಯಿತು. ಯಾರೂ ಹೆಸರಿಡಲಿಲ್ಲ.

"ವೈನಿಗೆ ಎಷ್ಟು ಕೊಡೂಣ್ರಿ ಸಾಹೇಬ್ರ?" ಎಂದು ಬ್ಯಾಂಕಿನವಳು ಕೇಳಿದಳು.

"ಎಲ್ಲಾರಿಗಿಂತ ಜಾಸ್ತಿ ಕೊಡ್ರಿ" ಎಂದರು ಇವರು. ಆಮೇಲೆ ನನ್ನ ಕೈಗೆ ಪೊಟ್ಟಣ ಕೊಡುತ್ತ ಮೆಲ್ಲಗೆ, "ನಿನ್ನೆ ಸಿಲಿಂಡರ್ ತಾರೀಖು ಬರಿಯೂಮುಂದ ಟೆಂಪೋ ಮೂರು ಅಂತ ನೋಡಿದೆ" ಎಂದರು.

"ನೋಡಿ ಸುಮ್ಮನಿದ್ರೇನು?"

"ಕ್ಯಾಲೆಂಡರಿನ್ಯಾಗ ಬರದಾಕಿ ಬಾಯಿಲೆ ಹೇಳ್ತಿ ಅಂತ ಗೊತ್ತಿತ್ತು. ನೀ ಇವತ್ತ ಹೇಳ್ಲಿಲ್ಲ ಅಂದಿದ್ರ ಆ ಗಿಡದ ಕೆಳಗ ಇಬ್ಬರೂ ಕೂತಿರ್ತಿದ್ವಿ."

ಮುಂದಿನ ತಿಂಗಳು ಡಾಕ್ಟರು ಹೊಸ ಕಾಗದ ನೋಡಿ ಗುಳಿಗೆ ಬರೆಯಲಿಲ್ಲ. ನಾನು ಕಾಲು ಊರದೆ ಹತ್ತಿದ್ದು ಅದಕ್ಕೂ ಮೂರು ವಾರ ತಡವಾಗಿ. ಗಿರ್ಮಿಟ್ಟೂ ಮತ್ತೊಮ್ಮೆ ಆಯಿತು.

ಇವರು ಏರು ಹತ್ತಿದ ಆ ರವಿವಾರ ಮನೆಗೆ ಬಂದು ಕೈ ತೊಳೆಯುವ ಮೊದಲೇ ಇವರು ಪೆನ್ನು ಕೇಳಿದರು. ಅಂದಿನ ಚೌಕದಲ್ಲಿ ತಾವೇ ಬರೆದರು, ದೊಡ್ಡ ಅಕ್ಷರದಲ್ಲಿ: "ನವಲೂರ ಏರು. ಕಾಲು ಊರಿಲ್ಲ." ಅವರ ಕೈಬರಹಕ್ಕೆ ಒಂದು ಚೌಕ ಎಲ್ಲಿ ಸಾಕಾಗಬೇಕು, ಅದು ಸೋಮವಾರದೊಳಗೂ ನುಗ್ಗಿತು, ಕೊನೆಯಲ್ಲಿ ಹುಣಸೆರಸದ ಒಂದು ಹೆಬ್ಬೆಟ್ಟು. ಮರುದಿನ ನಳ ಬಂದದ್ದನ್ನೂ ನಮ್ಮಿಬ್ಬರ ಅಂಕಿಗಳನ್ನೂ ನಾನು ಉಳಿದ ಜಾಗದಲ್ಲಿ ಸಣ್ಣಕ್ಷರದಲ್ಲಿ ಬರೆದೆ. ಮೇಲೆ ಹನ್ನೆರಡು, ಕೆಳಗೆ ಹನ್ನೆರಡು.